ಕೆಂಪಾಗದ ಆರತಿ, ಕೆಳಗಿನ ಮನೆ ಟೀಚರು

ಮೊನ್ನೆ ಭಾನುವಾರ ಬಚ್ಚಲುಮನೆಯ ಬಕೆಟ್ಟುಗಳನ್ನೆಲ್ಲ ಉರುಳಿಸಿಕೊಂಡು ಒಳಗೆ ವಿನೆಗರ್ ಸುರಿದೆ. ಚೆನ್ನೈನ ಬೋರ್ ನೀರಿನಲ್ಲಿ ಸಂಸಾರ ಮಾಡುವವರಿಗೆ ಈ ಕೆಲಸ ಹೊಸದಲ್ಲ. ಬಕೆಟ್ಟು, ಮಗ್ಗು, ನಲ್ಲಿಯ ಮೂತಿ, ಎಲ್ಲದಕ್ಕೂ ಬೆಳ್ಳಗೆ ಹಕ್ಕಳೆ ಕಟ್ಟುತ್ತದೆ, ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ. ವಿನೆಗರ್ ಬಿದ್ದ ಕೂಡಲೇ ಸುಂಯ್ ಎಂದು ಸಣ್ಣಗೆ ನೊರೆ ಎದ್ದಿತು, ಹುಳಿ ಘಾಟು ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಘಾಟಿಗೇ ಬಂತು ಅಂತ ಹೇಳಿಬಿಡಬಹುದು, ಆದರೆ ಅದು ಪೂರ್ತಿ ನಿಜವಲ್ಲ. "ಉಪ್ಪಲ್ಲರಿ ಅದು, ಸುಣ್ಣ. ನೀರಿನ್ಯಾಗ ಕರಗಿ ಬಂದು ನಿಮ್ ಬಕೀಟ್ನ್ಯಾಗ ಮನಿ ಮಾಡ್ಯದ" ಎಂದು ನನಗೆ ಹೇಳಿಕೊಟ್ಟವರು ಕೆಳಗಿನ ಮನೆ ಟೀಚರು. ಬಚ್ಚಲುಮನೆಯ ಕಲ್ಲಿನ ಮೇಲೆ ಹಾಗೇ ಸ್ವಲ್ಪ ಹೊತ್ತು ಕೂತೆ...

ಕೀಲ್ಪಾಕಿನ ನಮ್ಮ ಈ ಹಳೇ ಕಟ್ಟಡದಲ್ಲಿ ಅವರು ನೆಲಮಹಡಿ, ನಾವು ಅವರ ತಲೆಯ ಮೇಲೆ. ಹುಬ್ಬಳ್ಳಿ ಕಡೆಯವರು. ಗಂಡ ರೈಲ್ವೆಯಲ್ಲಿದ್ದುದರಿಂದ ಈ ಊರಿಗೆ ಬಂದು, ಇಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ತಮಿಳನ್ನು ಇಲ್ಲಿನವರಿಗಿಂತ ಸ್ಪಷ್ಟವಾಗಿ ಮಾತಾಡುತ್ತಿದ್ದರು. ಕನ್ನಡಕ್ಕೆ ಬಂದರೆ ಮಾತ್ರ ಇವತ್ತು ಬೆಳಗ್ಗೆಯಷ್ಟೇ ಹುಬ್ಬಳ್ಳಿಯಿಂದ ಬಂದು ಇಳಿದವರು. ಗಂಡ ಇದ್ದಾಗ ಅವರ ಮನೆಯ ಬಾಗಿಲು ದಿನವಿಡೀ ತೆರೆದಿರುತ್ತಿತ್ತು, ಟ್ಯೂಷನ್ ಹುಡುಗಿಯರ ಚಪ್ಪಲಿಗಳು ಮೆಟ್ಟಿಲವರೆಗೂ ಚೆಲ್ಲಿರುತ್ತಿದ್ದವು. ಅವರು ತೀರಿಕೊಂಡ ಮೇಲೆ ಟೀಚರು ಟ್ಯೂಷನ್ ನಿಲ್ಲಿಸಿದರು. ಬಾಗಿಲು ಅರ್ಧ ಮುಚ್ಚಿಕೊಂಡಿತು. ಹಾಲು ತರಲು, ತರಕಾರಿ ತರಲು ಹೊರಗೆ ಬಂದರೂ ಗೋಡೆಯ ಪಕ್ಕದಲ್ಲೇ ನಡೆದು ಹೋಗಿ ನಡೆದು ಬರುತ್ತಿದ್ದರು.

ಮಗಳಿಗೆ ಆಗ ಎಂಟು ತುಂಬುವುದರಲ್ಲಿತ್ತು. ಅವಳ ತರಗತಿಯ ಒಬ್ಬ ಹುಡುಗನ ಹುಟ್ಟುಹಬ್ಬಕ್ಕೆ ಹೋಗಿ ಬಂದವಳು, ಚಪ್ಪಲಿ ಬಿಡುವ ಮೊದಲೇ ಘೋಷಿಸಿದಳು: "ಅಮ್ಮಾ, ನನಗೂ ಸೈನ್ಸ್ ಪಾರ್ಟಿ ವೇಣುಂ." ಅಲ್ಲಿ ಬಿಳಿ ಕೋಟು ಹಾಕಿದ ಯಾರೋ ಬಂದು ಬಾಟಲಿಯಿಂದ ಹೊಗೆ ಎಬ್ಬಿಸಿದ್ದರಂತೆ, ಬಲೂನು ತಾನಾಗಿ ಊದಿಕೊಂಡಿತಂತೆ. ನಮ್ಮವರು ಬ್ಯಾಂಕಿನವರು, ಯಾವುದಕ್ಕೂ ಅವಸರದಲ್ಲಿ ಹೂಂ ಅನ್ನುವವರಲ್ಲ. "ಮನೇಲೇ ಮಾಡೋಣ, ಅದೇನು ಬ್ರಹ್ಮವಿದ್ಯೆನಾ?" ಎಂದರು. ಮಾಡೋಣ ಎಂದರೆ ನಾನು ಮಾಡಬೇಕು ಅಂತ ಅರ್ಥ, ಅದು ಮದುವೆಯಾದ ಹೊಸದರಲ್ಲೇ ನನಗೆ ತಿಳಿದಿತ್ತು.

ನಾನು ಓದಿದ್ದು ಕಾಮರ್ಸು. ವಿಜ್ಞಾನ ಎಂದರೆ ನನಗೆ ಕುಕ್ಕರ್ ಕೂಗುವುದಷ್ಟೇ. ಆದರೂ ಫೋನಿನಲ್ಲಿ ವಿಡಿಯೋ ನೋಡಿ ಅಡುಗೆಮನೆ ಕಟ್ಟೆಯ ಮೇಲೆ ಜ್ವಾಲಾಮುಖಿ ಕಟ್ಟಲು ಕೂತೆ. ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದರೆ ಉಕ್ಕಬೇಕಾದ ಜ್ವಾಲಾಮುಖಿ ಒಂದು ತೇಗು ತೇಗಿ ಸುಮ್ಮನಾಯಿತು. ಎರಡನೇ ಸಲ ಧಾರಾಳವಾಗಿ ಹಾಕಿದ್ದಕ್ಕೆ ಗ್ಯಾಸ್ ಒಲೆಯ ತೂತೊಳಗೆಲ್ಲ ನುಗ್ಗಿ, ಅವತ್ತು ಸಾಯಂಕಾಲದ ಕಾಫಿಗೂ ಕಲ್ಲು ಬಿತ್ತು. ನಮ್ಮತ್ತೆ ಒಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮಗೂ ಹುಟ್ಟುಹಬ್ಬಕ್ಕೆ ಒಂದು ಪಾಯಸ ಮಾಡಿ ಚುಮ್ಮಾ ಇರಬಾರದೇನೇ" ಎಂದರು. ಮೈಸೂರು ಬಿಟ್ಟು ಜೀವಮಾನವೇ ಕಳೆದಿದ್ದ ಅವರ ಕನ್ನಡದಲ್ಲಿ ನಡುನಡುವೆ ತಮಿಳು ಹೀಗೆ ಕಾಲು ಚಾಚಿ ಕೂತಿರುತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಕೆಳಗೊಬ್ಬರು ಕೆಮಿಸ್ಟ್ರಿ ಟೀಚರು ಇದ್ದಾರೆ ಅನ್ನುವುದು ನನಗೆ ಹೊಳೆದದ್ದು ಒಲೆ ರಿಪೇರಿಗೆ ಕೊಟ್ಟ ಮೇಲೆ. ಹೋಗಿ ಬಾಗಿಲು ತಟ್ಟಿದೆ. ವಿಷಯ ಕೇಳಿ ಅವರು ಮೊದಲು ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಆಮೇಲೆ ಎದ್ದು ಹೋಗಿ ಕನ್ನಡಕ ಹಾಕಿಕೊಂಡು ಬಂದು ಕುಳಿತರು. ಕನ್ನಡಕ ಹಾಕಿದ ಕೂಡಲೇ ಮುಖವೇ ಬೇರೆಯಾಯಿತು, ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಮಕ್ಳು ಎಷ್ಟು ಮಂದಿ? ಹತ್ತು ಹನ್ನೆರಡು? ಛಲೋ ಆತು. ಬೆಂಕಿ ಬ್ಯಾಡ, ಹೊಗಿ ಬ್ಯಾಡ. ಅಡಗಿಮನ್ಯಾಗಿನ ಸಾಮಾನಿನ್ಯಾಗ ಮಾಡೂಣು" ಎಂದರು.

ಮರುದಿನದಿಂದ ಮಧ್ಯಾಹ್ನ ಅವರು ಮೇಲೆ ಬರತೊಡಗಿದರು. ಜ್ವಾಲಾಮುಖಿಗೆ ಬಾಯಿ ಸಣ್ಣದಿರುವ ಮಣ್ಣಿನ ಕುಡಿಕೆ ಬೇಕು, ನಾನು ಇಟ್ಟ ಅಗಲ ಬಟ್ಟಲಿನಲ್ಲಿ ಅದು ಹೇಗೆ ಉಕ್ಕೀತು ಎಂದು ಬೈದರು. ಮಕ್ಕಳಿಗೆ ಬಿಳಿ ಕೋಟು ಹೊಲಿಸಬೇಕಾಗಿಲ್ಲ, ಅವರವರ ಅಪ್ಪನ ಹಳೇ ಬಿಳಿ ಶರ್ಟು ತರಲು ಹೇಳಿ ಎಂದರು. ಸ್ಟ್ರಾದಲ್ಲಿ ಸುಣ್ಣದ ತಿಳಿನೀರಿಗೆ ಊದಿದರೆ ಅದು ಹಾಲಿನ ಹಾಗಾಗುತ್ತದೆ, ಅದನ್ನೂ ಮಾಡೋಣ ಎಂದರು. ಯಾವ ಪೋರನಾದರೂ ಊದುವ ಬದಲು ಹೀರಿಬಿಟ್ಟರೆ ಎಂದು ನಾನು ಹೆದರಿದಾಗ, ಸೂಜಿಯಿಂದ ಸ್ಟ್ರಾದ ಮೇಲ್ಭಾಗದಲ್ಲಿ ಒಂದು ತೂತು ಮಾಡಿ ತೋರಿಸಿದರು. ಊದಿದರೆ ಗಾಳಿ ಕೆಳಗೆ ಹೋಗುತ್ತದೆ, ಹೀರಿದರೆ ನೀರು ಬಾಯಿಗೆ ಬರುವುದಿಲ್ಲ. "ಪೋರಗೋಳು ಹೀರಿಯೇ ಹೀರತಾವು. ಬ್ಯಾಡ ಅಂದ್ರ ಮೊದಲ ಹೀರತಾವು" ಎಂದು ನಕ್ಕರು. ಮಗಳು ಶಾಲೆಯಿಂದ ಬಂದವಳು ಚೀಲ ಎಸೆದು ಅವರ ಪಕ್ಕ ಕೂರುತ್ತಿದ್ದಳು. ಏನನ್ನು ಮುಟ್ಟಲು ಹೋದರೂ ಟೀಚರು ಅವಳ ಕೈ ಹಿಡಿಯುವರು: "ಮೊದ್ಲ ಊಹೆ, ಆಮ್ಯಾಲ ಕೈ." ಏನಾಗಬಹುದು ಅಂತ ಬಾಯಿಬಿಟ್ಟು ಹೇಳಿದ ಮೇಲೇ ಮಾಡಿ ನೋಡಬೇಕು. ಮಗಳು ತಮಿಳಿನಲ್ಲಿ ಊಹಿಸುತ್ತಿದ್ದಳು, ಅವರು ಹುಬ್ಬಳ್ಳಿ ಕನ್ನಡದಲ್ಲಿ ವಾದಿಸುತ್ತಿದ್ದರು. ಎರಡೇ ದಿನದಲ್ಲಿ ಅವರು ಟೀಚರಜ್ಜಿ ಆದರು.

ಅತ್ತೆಯೂ ಒಲೆಯ ಸಿಟ್ಟು ಮರೆತು ಕಾಫಿ ಲೋಟ ಹಿಡಿದು ಬಂದು ಕೂರುತ್ತಿದ್ದರು. ಅವರಿಗೂ ಗಂಡ ಇಲ್ಲ. ನಮ್ಮ ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು, ಟಿ. ನಗರದ ಅಂಗಡಿಗಳ ಜನಜಂಗುಳಿ, ಇವೇ ಮಾತು.

ಎಲ್ಲ ನಿಶ್ಚಯವಾದ ಮೇಲೆ, ಹೊರಡುವಾಗ ಬಾಗಿಲ ಬಳಿ ಟೀಚರು ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು: "ಒಂದ್ ಮಾತ್ರಿ. ನೀವು ಆರತಿ, ಕೇಕು ಎಲ್ಲಾ ಮುಗಸ್ರಿ. ಮುಗದ ಮ್ಯಾಲ ನಂಗ ಫೋನ್ ಮಾಡ್ರಿ. ನಾ ಆವಾಗ ಬರತೀನಿ."

ನನಗೆ ಅರ್ಥವಾಯಿತು, ಅರ್ಥವಾದದ್ದರಿಂದಲೇ ರೇಗಿಹೋಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಏನು ಟೀಚರ್, ನೀವೂ ಹೀಗಂದ್ರೆ? ಕೆಮಿಸ್ಟ್ರಿ ಓದಿದವರು, ಇಷ್ಟು ಜನಕ್ಕೆ ಪಾಠ ಹೇಳಿದವರು!"

ಅವರು ಸಿಟ್ಟಾಗಲಿಲ್ಲ. ಗಂಡ ತೀರಿಕೊಂಡ ವರ್ಷ ಸ್ವಂತ ತಂಗಿಯ ಮಗಳ ಸೀಮಂತಕ್ಕೆ ಊರಿಗೆ ಹೋಗಿದ್ದರಂತೆ. ಮುಂದಿನ ಸಾಲಿನಲ್ಲೇ ಕೂತಿದ್ದರಂತೆ, ಆ ಹುಡುಗಿಯನ್ನು ಎತ್ತಿ ಆಡಿಸಿದವರಲ್ಲವೇ. ಆರತಿಯ ಹೊತ್ತಿಗೆ ಯಾರೋ ಬಂದು ತುಂಬ ಮರ್ಯಾದೆಯಿಂದ, "ಅಕ್ಕಾರ, ಒಳಗ ಸ್ವಲ್ಪ ಬರ್ರಿ, ಕೆಲಸ ಅದ" ಎಂದು ಕರೆದುಕೊಂಡು ಹೋಗಿ ಉಗ್ರಾಣದಲ್ಲಿ ಕೂರಿಸಿ, ತಾಂಬೂಲಕ್ಕೆ ಬಾಳೆಹಣ್ಣು ಬಿಡಿಸಲು ಹಚ್ಚಿದರಂತೆ. "ಯಾರೂ ಬೈಲಿಲ್ಲರಿ. ಬೈದಿದ್ರ ಜಗಳಾ ಆಡಬಹುದಿತ್ತು. ಬಾಗಲಾ ಹೊರಗಿಂದ ಎಳಕೊಂಡು ಹ್ವಾದ್ರು, ಆರತಿ ಹಾಡು ಕೇಳಿಸಾಕತ್ತಿತ್ತು, ನಾ ಹಣ್ಣು ಬಿಡಿಸಿಕೋತ ಕುಂತಿದ್ದೆ." ಅವರು ನಗುತ್ತಲೇ ಹೇಳಿದರು. "ಇನ್ನೊಮ್ಮೆ ನನ್ನ ಕೈಲೆ ಅದು ಆಗಂಗಿಲ್ಲ. ಅದಕ್ಕ ಯಾರರ ಒಳಗ ಕಳಸೂಕಿಂತ ಮೊದಲ ನಾನ ದೂರ ಇರ್ತೀನಿ."

ಮೇಲೆ ಬಂದು ಅತ್ತೆಗೆ ಹೇಳಿದೆ. ಅವರು ಬೀನ್ಸ್ ಮುರಿಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ. "ಅವರು ಸರಿಯಾಗೇ ಹೇಳಿದ್ದಾರೆ ಬಿಡು" ಎಂದರು.

ಅತ್ತೆಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಅವರಿಗೆ ಹೀಗಿರಿ ಹಾಗಿರಿ ಎಂದು ಯಾರೂ ಹೇಳಿದವರಿಲ್ಲ. ಆದರೂ ಮಾವ ಹೋದಂದಿನಿಂದ, ಯಾರಿಗೇ ಆರತಿ ಎತ್ತಲಿ, ಆ ಹೊತ್ತಿಗೆ ಸರಿಯಾಗಿ ಅತ್ತೆಯ ಒಲೆಯ ಮೇಲೆ ಎಣ್ಣೆ ಕಾದಿರುತ್ತಿತ್ತು. "ನೀವು ಮಾಡಿ, ಎಣ್ಣೆ ಕಾದಿದೆ" ಎನ್ನುತ್ತ ಒಳಗೆ ಹೋಗುವರು. ಈ ಹುಟ್ಟುಹಬ್ಬದ ಹಿಂದಿನ ವರ್ಷ ಮಗಳಿಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿಸಿದ್ದೆವು. ಹಗಲೂ ರಾತ್ರಿ ಅವಳ ಮಂಚದ ಪಕ್ಕ ಕೂತು ಕಾದವರು ಇದೇ ಅತ್ತೆ. ಮೊಮ್ಮಗಳ ಜ್ವರಕ್ಕೆ ಬೇಕಾದವರು ಅವಳ ಆರತಿಗೆ ಬೇಡವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಹುಟ್ಟುಹಬ್ಬ ಬಂತು. ಅಪ್ಪಂದಿರ ಶರ್ಟು ತೊಟ್ಟು, ತೋಳು ಮಡಚಿ, ಮೊಣಕಾಲಿನ ಕೆಳಗೆ ಇಳಿಬಿಟ್ಟುಕೊಂಡು ಮಕ್ಕಳು ಬಂದವು. ಯಾವುದರ ಜೇಬಿನಲ್ಲಿ ಶಾಯಿ ಕಲೆ, ಯಾವುದರಲ್ಲಿ ಯಾವತ್ತಿನದೋ ಬಸ್ ಟಿಕೆಟ್ಟು. ನೋಡಿದರೆ ಬ್ಯಾಂಕಿನ ಸಿಬ್ಬಂದಿಯೇ ಕುಗ್ಗಿಹೋಗಿ ನಮ್ಮ ಹಾಲಿಗೆ ಬಂದಂತಿತ್ತು. ನಮ್ಮವರು ಕೇಕು ತರಲು ಹೋಗಿದ್ದರು. ನಮ್ಮ ಮನೆಯಲ್ಲಿ ಆರತಿ ಆಗದೆ ಕೇಕಿಗೆ ಚಾಕು ಇಡುವ ಹಾಗಿಲ್ಲ. ಮಗಳನ್ನು ಮಣೆಯ ಮೇಲೆ ಕೂರಿಸಿದೆ. ಆರತಿ ಎತ್ತಲು ಇಬ್ಬರು ಬೇಕಲ್ಲ, ನನ್ನ ಜೊತೆಗೆ ಎದುರು ಮನೆ ಮಾಮಿ ಬಂದಿದ್ದರು. ತಟ್ಟೆಗೆ ನೀರು ಹಾಕಿ ಅರಿಸಿನ ಕದಡಿದೆ. ಸುಣ್ಣ ಹಾಕಿದರೆ ಕೆಂಪಾಗಬೇಕು, ಸುಣ್ಣ ತರಿಸಲು ಮರೆತೇಹೋಗಿತ್ತು.

"ಇವರ ಎಲೆಯಡಿಕೆ ಪೆಟ್ಟಿಗೇಲಿ ಇದೆ ನೋಡು" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ಮಾವನ ಹಿತ್ತಾಳೆ ಪೆಟ್ಟಿಗೆ. ಅದನ್ನು ಅವರು ಈಗಲೂ ಉಜ್ಜಿ ಬೆಳಗಿ ದೇವರ ಗೂಡಿನ ಪಕ್ಕ ಇಡುತ್ತಿದ್ದರು. ಒಳಗಿನ ಸುಣ್ಣದ ಡಬ್ಬಿ ತೆರೆದೆ, ಸುಣ್ಣ ಒಣಗಿ ಗಟ್ಟಿಯಾಗಿತ್ತು. ಕೆರೆದು ಪುಡಿ ಮಾಡಿ ಹಾಕಿದೆ. ಕಲಸಿದೆ. ನೀರು ಹಳದಿಯಾಗೇ ಇತ್ತು. ಇನ್ನಷ್ಟು ಹಾಕಿದೆ. ರಾಡಿಯಾಯಿತೇ ಹೊರತು ಕೆಂಪಾಗಲಿಲ್ಲ.

"ಎನ್ನಡೀ ಇದು, ಸಿವಕ್ಕವೇ ಇಲ್ಲೈಯೇ!" ಮಾಮಿ ಕೆನ್ನೆಗೆ ಕೈಯಿಟ್ಟುಕೊಂಡರು.

ಕೆಂಪಾಗಲಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ತಟ್ಟೆ ನೋಡಿದವರ ಮುಖ ಬಿಳಿಚಿಕೊಂಡಿತು. ಆ ಕ್ಷಣದಲ್ಲಿ ಅವರು ಏನು ನೋಡುತ್ತಿದ್ದಾರೆಂದು ನನಗೆ ಗೊತ್ತು: ಆಸ್ಪತ್ರೆಯ ಮಂಚ, ಮಗುವಿನ ಕೈಗೆ ಚುಚ್ಚಿದ ಸೂಜಿ. "ಕುಂಕುಮ ಹಾಕಿಬಿಡ್ತೀನಿ ಅತ್ತೆ, ಆಯ್ತಲ್ಲ" ಎಂದೆ. "ನಾವು ಬಣ್ಣ ಕಲಸೋದಲ್ಲ ಕಣೇ ಅದು. ತಾನಾಗಿ ಆಗಬೇಕು" ಎಂದರು. ನಾನು ಕುಂಕುಮದ ಬಟ್ಟಲು ಕೆಳಗಿಟ್ಟೆ. ನಂಬದವಳ ಎದೆಗೂ ಮಗಳ ವಿಷಯ ಬಂದರೆ ಧೈರ್ಯ ಸಾಲದು.

ಈ ಗಲಾಟೆಯಲ್ಲಿ ಮಗಳು ಮಣೆಯಿಂದ ಎದ್ದು ಹೋದದ್ದನ್ನು ಯಾರೂ ನೋಡಲಿಲ್ಲ. ಮೆಟ್ಟಿಲ ಮೇಲಿಂದ ಅವಳ ಕೂಗು ಇಡೀ ಫ್ಲಾಟಿಗೆ ಕೇಳಿಸಿತು: "ಟೀಚರಜ್ಜೀ, ಎಕ್ಸ್‌ಪೆರಿಮೆಂಟ್ ಫೇಲ್ ಆಯಿಡುಚ್ಚು! ಸೀಕ್ರಂ ವಾಂಗ!" ಬೇಗ ಬನ್ನಿ ಅಂತ. ಅವಳ ಪಾಲಿಗೆ ಅದೂ ಅವತ್ತಿನ ಪ್ರಯೋಗಗಳಲ್ಲಿ ಒಂದು.

ಏನು ಕೈಕೊಟ್ಟಿತೋ ಎಂದು ಟೀಚರು ಸಾಮಾನಿನ ಚೀಲ ಎತ್ತಿಕೊಂಡು ದಡಬಡ ಬಂದರು. ಹೊಸಿಲವರೆಗೆ ಬಂದು ನನ್ನ ಮುಂದಿದ್ದ ತಟ್ಟೆ ನೋಡಿದರು, ಮಣೆ ನೋಡಿದರು. ಅಲ್ಲೇ ನಿಂತುಬಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದರು. ಮಗಳು ಅವರ ಸೆರಗು ಹಿಡಿದು ಒಳಗೆ ಎಳೆಯುತ್ತಿದ್ದಾಳೆ, ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಾರೆ. ಅವರ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಇನ್ನು ಯಾರಾದರೂ ಒಂದು ಮಾತು ಮರ್ಯಾದೆಯಿಂದ ಹೇಳಿಬಿಡುತ್ತಾರೆ ಅಂತ ಕಾಯುತ್ತಿದ್ದ ಮುಖ ಅದು... ನಾನು ಅತ್ತೆಯನ್ನು ನೋಡಿದೆ.

"ಅಲ್ಲೇ ಯಾಕ್ರೀ ನಿಂತ್ರಿ?" ಎಂದರು ಅತ್ತೆ. "ಬನ್ನಿ ಒಳಗೆ. ಇದೇನಾಗಿದೆ ನೋಡಿ, ನನಗೆ ಭಯ ಆಗ್ತಿದೆ."

ಟೀಚರು ಒಳಗೆ ಬಂದರು. ಕನ್ನಡಕ ಹಾಕಿಕೊಂಡರು. ಸುಣ್ಣದ ಡಬ್ಬಿಯಿಂದ ಚೂರು ತೆಗೆದು ಬೆರಳಲ್ಲಿ ಉಜ್ಜಿ ನೋಡಿ, "ಯಾವಾಗಿಂದ್ರಿ ಈ ಸುಣ್ಣ?" ಎಂದು ಕೇಳಿದರು.

"ಅವರಿದ್ದಾಗಿನದು."

ಟೀಚರು ಡಬ್ಬಿಯ ಮುಚ್ಚಳವನ್ನು ಜೋಪಾನವಾಗಿ ಮುಚ್ಚಿ ಅತ್ತೆಯ ಕೈಯಲ್ಲಿಟ್ಟರು. "ಏನೂ ಕೆಟ್ಟದ್ದಾಗಿಲ್ಲರಿ. ಸುಣ್ಣ ಗಾಳಿ ಕುಡೀತದ. ವರ್ಷಗಟ್ಲೆ ಕುಡದು ಕುಡದು ಅದರ ಶಕ್ತಿ ಹೋಗಿ ಸುಮ್ನ ಕಲ್ಲಾಗತದ. ಇದು ಹಳೇದಾಗ್ಯದ, ಅಷ್ಟ. ನಿಮ್ ಮೊಮ್ಮಗಳಿಗೆ ಏನೂ ಇಲ್ಲ." ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಅವರ ಕಣ್ಣು ತುಂಬಿತ್ತು. ಮೊಮ್ಮಗಳಿಗೆ ಏನೂ ಇಲ್ಲ ಎಂಬ ನೆಮ್ಮದಿಗೋ, ಗಂಡ ತೆಗೆದಿಟ್ಟು ಹೋದ ಸುಣ್ಣವೂ ಹೋಯಿತು ಎಂಬುದಕ್ಕೋ, ನಾನು ಕೇಳಲಿಲ್ಲ.

ಸ್ಟ್ರಾ ಪ್ರಯೋಗಕ್ಕೆಂದು ಟೀಚರು ಹೊಸ ಸುಣ್ಣ ಕದಡಿ ಬಾಟಲಿಯಲ್ಲಿ ತಂದಿದ್ದರು. ಮೇಲೆ ತಿಳಿನೀರು, ತಳದಲ್ಲಿ ಗಸಿ. ಬಾಟಲಿ ಕುಲುಕಿ ನನ್ನ ಕಡೆ ಚಾಚಿದರು. "ನೀವ ಹಾಕ್ರಿ" ಎಂದರು. ಅಷ್ಟು ಹತ್ತಿರ ನಿಂತಿದ್ದರೂ ತಟ್ಟೆ ಮುಟ್ಟಲಿಲ್ಲ.

ಮಗಳು ಬಿಡಬೇಕಲ್ಲ. "ನೋ! ನೀಂಗದಾನ್ ಪೋಡಣುಂ ಟೀಚರಜ್ಜಿ!" ನೀವೇ ಹಾಕಬೇಕು ಅಂತ. ಉಳಿದ ಮಕ್ಕಳೂ ಸುತ್ತ ಮುತ್ತಿಕೊಂಡು ಶುರುಮಾಡಿದವು. ಟೀಚರು ಅತ್ತೆಯ ಮುಖ ನೋಡಿದರು.

"ಹಾಕಿ" ಎಂದರು ಅತ್ತೆ. "ನಿಮ್ಮ ಕೈಯಲ್ಲೇ ಆಗಲಿ."

ಟೀಚರು ಮಕ್ಕಳ ಕಡೆ ತಿರುಗಿ ಅಭ್ಯಾಸಬಲದಿಂದ ತಮಿಳಿನಲ್ಲಿ ಗದರಿದರು, ಯಾರೂ ಮುಟ್ಟಬಾರದು, ಮೊದಲು ಹೇಳಿ, ಯಾವ ಬಣ್ಣ ಬರುತ್ತದೆ? ಹಸಿರು ಎಂದಿತು ಒಂದು. ನೀಲಿ, ಬಿಳಿ. ಕೇಕಿನ ಮೇಲೆ ಮಾತ್ರ ಗಮನವಿದ್ದ ಒಬ್ಬ ಚಾಕಲೇಟ್ ಎಂದ. ಟೀಚರು ಬಾಟಲಿ ಬಗ್ಗಿಸಿದರು. ಸುಣ್ಣ ಬಿದ್ದಲ್ಲಿ ಮೊದಲು ಒಂದು ಕೆಂಪು ಎಳೆ ಮೂಡಿತು, ಅದು ಸುರುಳಿ ಬಿಚ್ಚಿಕೊಂಡು ಅಗಲವಾಗಿ, ನೋಡನೋಡುತ್ತ ತಟ್ಟೆಯೆಲ್ಲ ಕೆಂಪಾಯಿತು. ಮಕ್ಕಳು ಕಿರುಚಿದ ರಭಸಕ್ಕೆ ಪಾರಿವಾಳಗಳು ಬಾಲ್ಕನಿಯಿಂದ ಹಾರಿಹೋದವು. ನಾನು ಹುಟ್ಟಿದಾಗಿನಿಂದ ಆ ನೀರು ನೋಡಿದವಳು. ಅವತ್ತು ಮಕ್ಕಳ ಜೊತೆ ನಾನೂ ಕಿರುಚಿದೆ.

ಇನ್ನು ಆರತಿ ಎತ್ತಬೇಕು. ನಾನು ಬಗ್ಗಿ ತಟ್ಟೆ ತೆಗೆದು ಟೀಚರ ಮುಂದೆ ಹಿಡಿದೆ. ಅವರು ಗಾಬರಿಯಾಗಿ ತಲೆ ಅಲ್ಲಾಡಿಸಿದರು. ನಾನು ಹಿಡಿದೇ ಇದ್ದೆ, ನನ್ನ ಮೊಂಡುತನ ನಮ್ಮ ಮನೆಯವರಿಗೆ ಗೊತ್ತು. ಆಗ ಅತ್ತೆ ಹೇಳಿದರು: "ನೀರು ಕೆಂಪು ಮಾಡಿದವರು ನೀವು. ನೀವೇ ಎತ್ತಿ."

ಟೀಚರು ತಟ್ಟೆಯ ಒಂದು ಅಂಚು ಹಿಡಿದರು. ಹಿಡಿದವರು ಅತ್ತೆಯ ಕಡೆ ನೋಡಿ, "ಒಬ್ಬರ ಎತ್ತೂ ಹಂಗಿಲ್ಲಲ್ರಿ ಆರತಿ. ಆ ಕಡಿ ನೀವು ಹಿಡೀರಿ" ಎಂದರು.

"ನಾನಾ?" ಅತ್ತೆ ಸೌಟು ತೋರಿಸಿದರು. "ಎಣ್ಣೆ ಕಾದಿದೆ."

"ಗ್ಯಾಸ್ ಆರಿಸಿ ಬರ್ರಿ."

ಪಾಠದ ಧ್ವನಿಯಲ್ಲೇ ಹೇಳಿದರು, ಕ್ಲಾಸಿಗೆ ತಡವಾಗಿ ಬಂದ ಹುಡುಗಿಗೆ ಹೇಳುವ ಹಾಗೆ. ಅತ್ತೆ ಒಳಗೆ ಹೋದರು. ವಾಪಸ್ಸು ಬರುವುದಿಲ್ಲ ಎಂದೇ ನಾನಂದುಕೊಂಡೆ. ಗ್ಯಾಸಿನ ಗುಬುಟು ತಿರುಗಿದ ಸದ್ದು ಕೇಳಿಸಿತು. ನಲ್ಲಿಯಲ್ಲಿ ಕೈ ತೊಳೆದ ಸದ್ದು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅತ್ತೆ ತಟ್ಟೆಯ ಇನ್ನೊಂದು ಅಂಚು ಹಿಡಿದರು.

ಮಾಮಿ ಏನನ್ನುತ್ತಾರೋ ಎಂದು ನನಗೆ ಅಳುಕಿತ್ತು. ಮಾಮಿ ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡಿದರು. ಅವರ ಹಾಡಿಗೆ ಶ್ರುತಿ ಇಲ್ಲ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದುದುಂಟು, ಆಮೇಲೆ ನಾನೊಬ್ಬಳು ಎಂದೂ ನಗಲಿಲ್ಲ. ಇಬ್ಬರೂ ತಟ್ಟೆ ಎತ್ತಿ ಮಗಳ ಮುಂದೆ ಸುತ್ತಿಸಿದರು. ಮೊದಲ ಸುತ್ತಿಗೆ ಹೊಂದಾಣಿಕೆಯಾಗದೆ ನೀರು ತುಳುಕಿತು. ಅವಳು ಕಣ್ಣು ಕೂಡ ಮಿಟುಕಿಸದೆ ನೀರನ್ನೇ ನೋಡುತ್ತಿದ್ದಳು, ಮತ್ತೆ ಬಣ್ಣ ಬದಲಾಯಿಸೀತು ಎಂಬ ಆಸೆಗೆ.

ಪಾರ್ಟಿ ಚೆನ್ನಾಗಿಯೇ ಆಯಿತು, ಅಂದರೆ ಮನೆ ಕುಲಗೆಟ್ಟು ಹೋಯಿತು. ಜ್ವಾಲಾಮುಖಿ ಅವತ್ತು ಎಷ್ಟು ನಿಷ್ಠೆಯಿಂದ ಉಕ್ಕಿತೆಂದರೆ ಆಗಿನ ನಮ್ಮ ಹೊಸ ಸೋಫಾದ ಮೇಲೆ ಕೇಸರಿ ಕಲೆ ಇನ್ನೂ ಇದೆ. ಒಂದು ಮಗು ತನ್ನ ಬಲೂನು ಊದಿಕೊಳ್ಳಲಿಲ್ಲವೆಂದು ಅತ್ತಿತು. ಟೀಚರು ಕಣ್ಣೊರೆಸಿ, ಯಾಕೆ ಊದಿಕೊಳ್ಳಲಿಲ್ಲ ಅಂತ ಪತ್ತೆ ಮಾಡುವ ಕೆಲಸ ಹಚ್ಚಿದರು. ಅಂಚಿನಲ್ಲಿ ಹರಿದಿತ್ತಂತೆ, ಸಿಕ್ಕಿದಾಗ ಅದು ಊದಿಕೊಂಡ ಬಲೂನಿನವರಿಗಿಂತ ಹೆಚ್ಚು ಬೀಗಿತು. ಹೀರಬೇಡಿ ಎಂದದ್ದಕ್ಕೆ ಎಲ್ಲವೂ ಹೀರಿ ನೋಡಿದವು, ಏನೂ ಬರಲಿಲ್ಲ. ಕೊನೆಗೆ ಊದಿದವು, ಸುಣ್ಣದ ತಿಳಿನೀರು ಹಾಲಾಯಿತು. ಅತ್ತೆಯೂ ಒಂದು ಸ್ಟ್ರಾ ಇಸಿದುಕೊಂಡು ಊದಿದರು. ತಮ್ಮ ಉಸಿರಿಗೆ ನೀರು ಬೆಳ್ಳಗಾಗುವುದನ್ನು ನೋಡಿ, "ಹೀಗೇನಾ ಆ ಡಬ್ಬೀಲಿ ಆಗಿದ್ದು?" ಎಂದು ಕೇಳಿದರು. "ಹಂಗ ಆಗಿದ್ದು" ಎಂದರು ಟೀಚರು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಇಬ್ಬರೂ ಉಳಿದ ಬಜ್ಜಿ ತಿನ್ನುತ್ತ ಬಾಲ್ಕನಿಯಲ್ಲಿ ಕೂತರು. ಏನು ಮಾತಾಡಿಕೊಂಡರೋ, ನಾನು ಸೋಫಾ ಉಜ್ಜುತ್ತಿದ್ದೆ.

ಅದರಿಂದ ಲೋಕವೇನೂ ಬದಲಾಗಲಿಲ್ಲ. ಮಾಮಿ ತಮ್ಮ ಮೊಮ್ಮಗನ ಆಯುಷ್ಯಹೋಮಕ್ಕೆ ಇವರಿಬ್ಬರನ್ನೂ ಊಟಕ್ಕೆ ಕರೆದರು, ಆರತಿಗೆ ಕರೆಯಲಿಲ್ಲ. ನಮ್ಮ ಕಡೆಯ ಒಬ್ಬ ಅತ್ತಿಗೆ ಸುದ್ದಿ ಕೇಳಿ ಫೋನಿನಲ್ಲೇ ಮೂಗು ಮುರಿದರು, ನಾನೂ ಫೋನಿನಲ್ಲೇ ಉತ್ತರ ಕೊಟ್ಟೆ. ಆದರೆ ನಮ್ಮ ಮನೆಯಲ್ಲಿ, ಟೀಚರು ಇಲ್ಲಿದ್ದಷ್ಟು ವರ್ಷವೂ ಮಗಳಿಗೆ ಆರತಿ ಎತ್ತಿದವರು ಅವರಿಬ್ಬರೇ. ಸುಣ್ಣದ ಬಾಟಲಿ ಕೆಳಗಿನಿಂದ ಬರುತ್ತಿತ್ತು. ಕೆಳಗಿನ ಮನೆಯ ಬಾಗಿಲು ಪೂರ್ತಿ ತೆರೆಯಿತು. ನಮ್ಮ ಪಾರ್ಟಿಗೆ ಬಂದಿದ್ದ ಮಕ್ಕಳೇ ಅಕ್ಕ ತಂಗಿಯರನ್ನು ಕಟ್ಟಿಕೊಂಡು ಬಂದು ಆ ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿ ಚೆಲ್ಲಿದರು. ಟೀಚರು ಗಟ್ಟಿಯಾಗಿ ಬೈಯುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು, ಕೇಳಿಸಿದಾಗ ಅತ್ತೆ ನಗುತ್ತಿದ್ದರು.

ಆಮೇಲೆ ಟೀಚರಿಗೆ ಮಂಡಿ ಪೂರ್ತಿ ಸೋತಿತು. ನಮ್ಮ ಮೆಟ್ಟಿಲು ಹತ್ತಲಾಗದೆ ಹೋದಾಗ ಅತ್ತೆಯೇ ಕೆಳಗಿಳಿದು ಹೋಗುತ್ತಿದ್ದರು. ಒಂದು ದಿನ ಹುಬ್ಬಳ್ಳಿಯಿಂದ ತಂಗಿಯ ಮಗ ಬಂದು ಕರೆದುಕೊಂಡು ಹೋದ. ಹೋಗುವಾಗ ಇಬ್ಬರೂ ಅಳಲಿಲ್ಲ, ಮಾತ್ರೆ ಸರಿಯಾಗಿ ತೆಗೆದುಕೊಳ್ಳಿ ಎಂದು ಒಬ್ಬರಿಗೊಬ್ಬರು ಬೈದುಕೊಂಡರು. ಆಮೇಲಿನ ಹುಟ್ಟುಹಬ್ಬಕ್ಕೆ ಅತ್ತೆ, ಟೀಚರು ವಾಪಸ್ಸು ಬರಲಿ, ಆಗ ಹಿಡಿಯುತ್ತೇನೆ ಎಂದು ತಟ್ಟೆ ಮುಟ್ಟಲಿಲ್ಲ. ಫೋನು ನಡೆಯುತ್ತಿತ್ತು, ಮೊದಮೊದಲು ವಾರಕ್ಕೆ, ಆಮೇಲೆ ಹಬ್ಬಕ್ಕೆ...

ಕಳೆದ ವರ್ಷ ಮಳೆಗಾಲದಲ್ಲಿ ಆ ತಂಗಿಯ ಮಗ ಫೋನ್ ಮಾಡಿದ. ಟೀಚರು ತೀರಿಕೊಂಡು ಆಗಲೇ ಕಾರ್ಯವೆಲ್ಲ ಮುಗಿದಿತ್ತು. ನಾನು ಹೋಗಿ ಅತ್ತೆಗೆ ಹೇಳಿದೆ. ಅವರು ಎದ್ದು ಬಚ್ಚಲುಮನೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಅದು ಸಾವಿನ ಸುದ್ದಿ ಬಂದಾಗ ಸಂಬಂಧಿಕರು ಮಾಡುವ ಸ್ನಾನ. ಮಡಿ ಮೈಲಿಗೆಯ ಲೆಕ್ಕದಲ್ಲಿ ಅತ್ತೆ ಎಂದೂ ತಪ್ಪಿದವರಲ್ಲ. "ಅವರು ನಮಗೆ ಸೂತಕದ ಸಂಬಂಧ ಅಲ್ಲವಲ್ಲ ಅತ್ತೆ" ಎಂದೆ, ಟವೆಲ್ಲು ಕೊಡುತ್ತ. ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ನನಗೆ ಸಂಬಂಧವೇ" ಎಂದರು. ಅವತ್ತು ಸಂಜೆಯವರೆಗೂ ಏನೂ ತಿನ್ನಲಿಲ್ಲ.

ಈ ವರ್ಷ ಮಗಳಿಗೆ ಹದಿನೇಳು ತುಂಬಿತು. ನಾನು ಪೇಟೆಯಿಂದ ಹೊಸ ಸುಣ್ಣವನ್ನೇ ತಂದಿದ್ದೆ, ನೀರು ಮೊದಲ ಸಲಕ್ಕೇ ಕೆಂಪಾಯಿತು. ತಟ್ಟೆ ಹಿಡಿದು ಅತ್ತೆಯನ್ನು ಕರೆದೆ. ಅವರು ಹಾಲಿನ ಕುರ್ಚಿಯಿಂದ ಏಳಲಿಲ್ಲ. "ನಾನಿದ್ದೀನಲ್ಲ ಅತ್ತೆ, ನನ್ನ ಜೊತೆ ಹಿಡೀರಿ" ಎಂದೆ. ಮಗಳೂ ಕರೆದಳು.

"ಬೇಡಮ್ಮ" ಎಂದರು ಅತ್ತೆ. "ನಿನ್ನ ಜೊತೆ ಹಿಡಿದರೆ ಎಲ್ಲರೂ ನನ್ನನ್ನ ನೋಡ್ತಾರೆ. ಅವರ ಜೊತೆ ಹಿಡಿದಾಗ ಎಲ್ಲರೂ ನೀರು ನೋಡ್ತಿದ್ರು."

ಮಾಮಿಯನ್ನು ಕರೆದು ಆರತಿ ಮುಗಿಸಿದೆವು. ಟೀಚರು ಇನ್ನಿಲ್ಲ ಎನ್ನುವುದು ನನಗೆ ಪೂರ್ತಿ ತಿಳಿದದ್ದು ಅವತ್ತು.